ಪುರಸೇವೆಯೂ ಶಿವಸೇವೆಯೂ: ಫ. ಗು. ಹಳಕಟ್ಟಿಯವರ ಜೀವನ

ಹುಬ್ಬಳ್ಳಿಯ ಗೋಕುಲ ಗ್ರಾಮದ ಹೆಸರನ್ನು ಹೊತ್ತ ಗೋಕುಲ ರಸ್ತೆಯು ಇಂದು ಬಸ್ಸು ನಿಲ್ದಾಣ, ವಿಮಾನ ನಿಲ್ದಾಣ, ಕಾರ್ಖಾನೆ ಮತ್ತು ವಸತಿಗಳಿಂದ ತುಂಬಿರುವದು. ಇಲ್ಲಿಯ ಗೃಹಸ್ಥರಿಗೆ ಬೇಕಾದ ನೀರು, ಬೀದಿಯ ದೀಪ, ಗಟಾರ, ನೈರ್ಮಲ್ಯ ಇವೆಲ್ಲವೂ ನಗರಾಡಳಿತದ ಕಾರ್ಯಗಳು. ಆದರೆ ಕರವನ್ನು ತೆತ್ತೊಡನೆ ತಮ್ಮ ಕರ್ತವ್ಯವು ತೀರಿತೆಂದು ತಿಳಿಯುವವರೇ ಬಹಳ. ಧರ್ಮವು ಮಠದಲ್ಲಿ, ಊರಿನ ಕೆಲಸವು ಕಚೇರಿಯಲ್ಲಿ ಎಂದು ಇವೆರಡನ್ನು ಬೇರೆ ಬೇರೆಯಾಗಿ ಎಣಿಸುವದು ಲೋಕದ ರೂಢಿ. ಈ ರೂಢಿಯು ತಪ್ಪೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರೊಬ್ಬರು ಇದೇ ಅವಳಿನಗರದ ಧಾರವಾಡದಲ್ಲಿ ಜನಿಸಿದರು. ಅವರೇ ವಚನಪಿತಾಮಹರೆಂದು ನಾಡೆಲ್ಲ ನೆನೆಯುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರ ಜನನವು 1880ನೆಯ ಇಸವಿಯ ಜುಲೈ 2ರಂದು ಆಯಿತು. ತಂದೆಯವರಾದ ಗುರುಬಸಪ್ಪನವರು ಶಿಕ್ಷಕರು. ವಿದ್ಯೆಯಲ್ಲಿಯೂ ಬರವಣಿಗೆಯಲ್ಲಿಯೂ ಆಸಕ್ತರು. ಹಳಕಟ್ಟಿಯವರು ಧಾರವಾಡದಲ್ಲಿ ಆರಂಭದ ಶಿಕ್ಷಣವನ್ನು ಮುಗಿಸಿ, ಮುಂಬಯಿಯಲ್ಲಿ ಉಚ್ಚ ಶಿಕ್ಷಣವನ್ನು ಪಡೆದು, 1904ರಲ್ಲಿ ಕಾಯಿದೆಯ ಪದವೀಧರರಾದರು. ಆ ಮಹಾಪಟ್ಟಣದಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಯ ಬಗ್ಗೆ ತಾಳಿದ್ದ ಅಭಿಮಾನವನ್ನು ಕಂಡು, ಕನ್ನಡಿಗರ ಹಿಂದುಳಿದಿರುವಿಕೆಯು ಅವರ ಮನವನ್ನು ನೋಯಿಸಿತು. ಅನಂತರ ವಿಜಾಪುರದಲ್ಲಿ ನೆಲೆಸಿ ವಕೀಲಿ ವೃತ್ತಿಯನ್ನು ಕೈಕೊಂಡರು. ಮುಂದಿನ ಆಯುಷ್ಯವೆಲ್ಲ ಆ ಊರಿಗೇ ಮೀಸಲಾಯಿತು.

ಮುಂಬಯಿ ಇಲಾಖೆಯ ಜಿಲ್ಲಾ ಮುನಸಿಪಾಲಿಟಿಗಳು ಆಗ 1901ರ ಕಾಯಿದೆಯಂತೆ ನಡೆಯುತ್ತಿದ್ದವು. ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. ಕರ, ಆಸ್ತಿ ಮೊದಲಾದ ಅರ್ಹತೆಗಳುಳ್ಳ ಕೆಲವರಿಗೆ ಮಾತ್ರ ಅದು ದೊರೆಯುತ್ತಿತ್ತು. ಆರಿಸಿ ಬಂದವರ ಜೊತೆಗೆ ಸರಕಾರವು ನೇಮಿಸಿದವರೂ ಸಭೆಯಲ್ಲಿ ಕುಳ್ಳಿರುತ್ತಿದ್ದರು. ಇಂತಹ ಕಾಲದಲ್ಲಿ ಹಳಕಟ್ಟಿಯವರು ವಿಜಾಪುರದ ಮುನಸಿಪಾಲಿಟಿಯ ಸಭಾಸದರಾಗಿ ಊರಿನ ಹೊಣೆಯನ್ನು ಹೊತ್ತರು. ವಿಜಾಪುರವು ಬರಗಾಲದ ಸೀಮೆ. ಆದಿಲಶಾಹಿ ಅರಸರು ಕಟ್ಟಿಸಿದ ತೊರವಿಯ ಜಲಕಾರ್ಯ, 1651ರ ಬೇಗಂ ತಲಾಬ ಇವು ಒಂದು ಕಾಲಕ್ಕೆ ಆ ರಾಜಧಾನಿಗೆ ನೀರುಣಿಸಿದ್ದವು. ಆದರೆ ಅರಸೊತ್ತಿಗೆಯು ಅಳಿದ ಮೇಲೆ ಊರಿನ ಬಾಯಾರಿಕೆಯನ್ನು ನೀಗಿಸುವವರು ಊರವರೇ ಆಗಬೇಕಾಯಿತು. ಇದನ್ನರಿತು ಹಳಕಟ್ಟಿಯವರು ಭೂತನಾಳ ಕೆರೆಯಿಂದ ಪಟ್ಟಣಕ್ಕೆ ಕುಡಿಯುವ ನೀರು ದೊರೆಯುವಂತೆ ಬಹಳವಾಗಿ ಶ್ರಮಿಸಿದರು. ಆ ಕೆರೆಯ ಹೆಸರಿನೊಡನೆ ಅವರ ಹೆಸರನ್ನು ವಿಜಾಪುರದವರು ಇಂದಿಗೂ ಸ್ಮರಿಸುವರು.

ಆದರೆ ಸಭಾಸದನೊಬ್ಬನು ದುಡಿದು ಉಳಿದವರು ಕೈಕಟ್ಟಿ ಕುಳಿತರೆ ಊರು ಏಳಿಗೆ ಹೊಂದದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದ 1910ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಲು ಮುಂದಾದರು. ಒಕ್ಕಲಿಗರಿಗಾಗಿಯೂ ನೇಕಾರರಿಗಾಗಿಯೂ ಸಹಕಾರಿ ಸಂಘಗಳನ್ನು ಕಟ್ಟಿದರು. ಸಹಕಾರಿ ಸಂಘದಲ್ಲಿ ಪಾಲು ಸಣ್ಣದಾದರೂ ಪಾಲುದಾರನಿಗೆ ಒಂದು ಮತವುಂಟು. ಲೆಕ್ಕವನ್ನು ಕೇಳುವ ಅಧಿಕಾರವುಂಟು. ಮುನಸಿಪಾಲಿಟಿಯ ಮತವಿಲ್ಲದ ಬಡವನಿಗೂ ಅಲ್ಲಿ ಸಭೆಯಲ್ಲಿ ಕುಳಿತು ಮಾತಾಡುವ ಅಭ್ಯಾಸವಾಗುತ್ತಿತ್ತು. ಹೀಗೆ ಈ ಸಂಸ್ಥೆಗಳು ಪೌರಧರ್ಮದ ಪಾಠಶಾಲೆಗಳೇ ಆದವು. ಮುಂಬಯಿಯ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಅವರು ಜನರ ಕುಂದುಕೊರತೆಗಳಿಗೆ ದನಿಯಾದರು. 1927ರಲ್ಲಿ ಆರಂಭಿಸಿದ ನವಕರ್ನಾಟಕ ವಾರಪತ್ರಿಕೆಯು ನಾಡಿನ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿತು.

ಇಷ್ಟೆಲ್ಲ ಲೋಕಕಾರ್ಯಗಳ ನಡುವೆಯೇ ಅವರ ಮಹಾತಪಸ್ಸು ಸಾಗಿತ್ತು. ಜಗುಲಿಗಳ ಮೇಲೆ ಪೂಜೆಗೊಳ್ಳುತ್ತ, ಹುಳು ತಿನ್ನುತ್ತ ಬಿದ್ದಿದ್ದ ತಾಡವೋಲೆಗಳನ್ನು ಊರೂರು ಅಲೆದು ಕೂಡಿಹಾಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಬೆಳಕು ಕಂಡಿತು. ಅನ್ಯರ ಮುದ್ರಣಾಲಯವನ್ನೇ ನಂಬಿದರೆ ಕಾರ್ಯವು ಸಾಗದೆಂದು ಕಂಡು, ತಮ್ಮ ಸ್ವಂತ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ತಾವು ಬಾಡಿಗೆಯ ಮನೆಯಲ್ಲಿ ಉಳಿದರು. 1926ರಲ್ಲಿ ಶಿವಾನುಭವ ಪತ್ರಿಕೆಯು ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ದೊರೆಯಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಡಾಕ್ಟರೇಟ್ ಪದವಿಯಿಂದ ಅವರನ್ನು ಗೌರವಿಸಿತು. ವಕೀಲಿಯಿಂದ ಸಿರಿವಂತರಾಗಬಹುದಾಗಿದ್ದವರು ಬಡತನವನ್ನು ತಾವಾಗಿ ಒಪ್ಪಿಕೊಂಡರು. ಊರಿಗೆ ನೀರನ್ನು ತರುವದೂ, ನಾಡಿಗೆ ಶರಣರ ವಾಣಿಯನ್ನು ತರುವದೂ ಅವರಿಗೆ ಎರಡು ಕಾಯಕಗಳಾಗಿರದೆ ಒಂದೇ ದಾಸೋಹವಾಗಿದ್ದವು. ಒಬ್ಬನ ಸ್ವತ್ತಾಗಿ ಮುಚ್ಚಿಟ್ಟರೆ ನೀರೂ ಕೆಡುವದು, ಓಲೆಯೂ ಕೆಡುವದು. ಸರ್ವರಿಗೂ ಹಂಚಿದಾಗಲೇ ಅವು ಪ್ರಸಾದವಾಗುವವು.

1962ರಲ್ಲಿ ಹುಬ್ಬಳ್ಳಿ ಧಾರವಾಡಗಳೆರಡೂ ಕೂಡಿ ಒಂದೇ ಮಹಾನಗರಪಾಲಿಕೆಯಾದವು. ಹುಟ್ಟೂರಿನ ಆಡಳಿತಕ್ಕೆ ಈ ಹೊಸ ರೂಪವು ಬಂದ ಎರಡು ವರ್ಷಗಳ ಬಳಿಕ, 1964ರ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು. ಅವರ ಕಾಲದಲ್ಲಿ ಕೆಲವರಿಗಷ್ಟೇ ಇದ್ದ ಮತವು ಇಂದು ವಯಸ್ಸಿಗೆ ಬಂದ ಪ್ರತಿಯೊಬ್ಬ ಸ್ತ್ರೀಪುರುಷರದಾಗಿರುವದು. ಗೋಕುಲ ರಸ್ತೆಯ ಭಕ್ತರು ಆ ಮತವನ್ನು ವಿವೇಕದಿಂದ ನೀಡುವದು, ಆರಿಸಿ ಕಳುಹಿದವರಿಂದ ಲೆಕ್ಕವನ್ನು ವಿನಯದಿಂದಲೂ ಧೈರ್ಯದಿಂದಲೂ ಕೇಳುವದು, ಓಣಿಯ ಹಿತಕ್ಕಾಗಿ ಕೂಡಿ ದುಡಿಯುವದು ಇವೂ ಗುರುಲಿಂಗಜಂಗಮರ ಸೇವೆಯೇ ಸರಿ. ಈ ಅರಿವು ನೆಲೆಗೊಂಡಲ್ಲಿ ಹಳಕಟ್ಟಿಯವರ ಬಾಳು ಸಾರ್ಥಕವಾದಂತೆ.