ಆರ್ಥರ್ ವೆಲ್ಲೆಸ್ಲಿ

ಆರ್ಥರ್ ವೆಲ್ಲೆಸ್ಲಿ (1769–1852) ಬ್ರಿಟಿಷ್ ಸೇನಾನಿ ಹಾಗೂ ರಾಜಕಾರಣಿ. 1815ರ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಈತ ವೆಲ್ಲಿಂಗ್ಟನ್ನಿನ ಮೊದಲನೆಯ ಡ್ಯೂಕ್ ಎಂದು ಪ್ರಸಿದ್ಧ. ಅದಕ್ಕೂ ಮೊದಲು ಶ್ರೀರಂಗಪಟ್ಟಣದ ಸೇನಾಧಿಕಾರಿಯಾಗಿದ್ದು, ಮೈಸೂರು ಸಂಸ್ಥಾನದ ಪುನರ್ವ್ಯವಸ್ಥೆಯಲ್ಲಿ ಪಾಲ್ಗೊಂಡಿದ್ದರಿಂದ ಕರ್ನಾಟಕದ ಇತಿಹಾಸದಲ್ಲಿಯೂ ಈತನಿಗೆ ಸ್ಥಾನವಿದೆ. ಹಳೆಯ ಸೈನಿಕ ಪದಕ, ಬಿಲ್ಲೆ ಹಾಗೂ ಪಿನ್ನುಗಳನ್ನು ಸಂಗ್ರಹಿಸುವವರಿಗೆ ಈತನ ಮುಖ ಮತ್ತೆ ಮತ್ತೆ ಎದುರಾಗುತ್ತದೆ. ಹೆಸರಿಲ್ಲದ ಬಿಲ್ಲೆಯ ಮೇಲಿನ ಚಿತ್ರ ಈತನದೋ ಅಲ್ಲವೋ ಎಂದು ನಿರ್ಧರಿಸಲು ಈತನ ಜೀವನದ ಘಟನೆಗಳೇ ಮುಖ್ಯ ಆಧಾರ.

ಆರಂಭಿಕ ಜೀವನ

ಐರ್ಲೆಂಡಿನ ಡಬ್ಲಿನ್‌ನಲ್ಲಿ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದ ಈತ ಈಟನ್ ಶಾಲೆಯಲ್ಲಿ ಓದಿದ. ಅನಂತರ ಫ್ರಾನ್ಸಿನ ಆಂಜೆ ನಗರದಲ್ಲಿ ಕುದುರೆ ಸವಾರಿ ಮತ್ತು ಫ್ರೆಂಚ್ ಭಾಷೆಯನ್ನು ಕಲಿತ. 1787ರಲ್ಲಿ ಸೈನ್ಯಕ್ಕೆ ಸೇರಿ, 1793ರಲ್ಲಿ 33ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದ. ಈ ದಳದೊಂದಿಗೆ 1797ರಲ್ಲಿ ಕಲ್ಕತ್ತೆಗೆ ಬಂದಿಳಿದ. ಮರುವರ್ಷ ಈತನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಇದರಿಂದ ತಮ್ಮನಿಗೆ ದೊಡ್ಡ ಹೊಣೆಗಾರಿಕೆಗಳು ಬೇಗನೆ ದೊರೆತವು.

ಶ್ರೀರಂಗಪಟ್ಟಣ

1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಜನರಲ್ ಹ್ಯಾರಿಸನ ಕೈಕೆಳಗೆ ಹೈದರಾಬಾದ್ ನಿಜಾಮನ ಪಡೆಯನ್ನೂ 33ನೆಯ ರೆಜಿಮೆಂಟನ್ನೂ ಈತ ನಡೆಸಿದ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ನಡೆದ ಕಾಳಗದಲ್ಲಿ ಭಾಗವಹಿಸಿದ. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿನ ಮೇಲೆ ಮಾಡಿದ ದಾಳಿ ಮಾತ್ರ ವಿಫಲವಾಯಿತು. ಕತ್ತಲಲ್ಲಿ ದಾರಿ ತಪ್ಪಿದ ಸೈನಿಕರು ಟಿಪ್ಪುವಿನ ಪಡೆಯ ಗುಂಡಿನೇಟು ಮತ್ತು ರಾಕೆಟ್ಟುಗಳಿಗೆ ಸಿಲುಕಿ ಚದುರಿದರು. ಮರುದಿನ ಬೆಳಗ್ಗೆ ತೋಪು ವಶವಾಯಿತಾದರೂ, ಮುಂದೆಂದೂ ನೆಲೆಯನ್ನು ಪರೀಕ್ಷಿಸದೆ ರಾತ್ರಿಯ ದಾಳಿಗೆ ಇಳಿಯಬಾರದೆಂಬ ಪಾಠವನ್ನು ಈತ ಅಂದು ಕಲಿತ.

ಮೇ 4ರಂದು ಕೋಟೆಯ ಮೇಲೆ ನಡೆದ ಅಂತಿಮ ದಾಳಿಯ ನಾಯಕತ್ವ ಡೇವಿಡ್ ಬೇರ್ಡ್‌ನದಾಗಿತ್ತು. ವೆಲ್ಲೆಸ್ಲಿ ಮೀಸಲು ಪಡೆಯೊಂದಿಗೆ ಕಂದಕಗಳಲ್ಲಿಯೇ ಉಳಿದಿದ್ದ. ಆದರೂ ಪಟ್ಟಣದ ಅಧಿಕಾರ ಈತನಿಗೆ ದೊರೆತದ್ದು ಬೇರ್ಡ್‌ನ ಅಸಮಾಧಾನಕ್ಕೆ ಕಾರಣವಾಯಿತು. ಕೋಟೆ ಬಿದ್ದ ಮೇಲೆ ಆರಂಭವಾದ ಸುಲಿಗೆಯನ್ನು ವೆಲ್ಲೆಸ್ಲಿ ಕಠಿಣ ಶಿಕ್ಷೆಗಳಿಂದ ನಿಲ್ಲಿಸಿದ. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ನೇಮಿಸಿದ ಆಯೋಗದಲ್ಲಿ ಈತನೂ ಸದಸ್ಯನಾಗಿದ್ದ. ಕೆಲಕಾಲ ದರಿಯಾ ದೌಲತ್ ಅರಮನೆಯಲ್ಲಿ ವಾಸವಾಗಿದ್ದ ಈತ, ಅಲ್ಲಿನ ಭಿತ್ತಿಚಿತ್ರಗಳನ್ನು ಸರಿಪಡಿಸಿದ. ಬ್ರಿಟಿಷರ ಸೋಲನ್ನೇ ಚಿತ್ರಿಸುವ ಪೊಲ್ಲಿಲೂರು ಯುದ್ಧದ ದೃಶ್ಯ ಅವುಗಳಲ್ಲಿ ಒಂದು.

ಧೋಂಡಿಯಾ ವಾಘ್‌ನ ಬೆನ್ನಟ್ಟುವಿಕೆ

ಚನ್ನಗಿರಿಯವನಾದ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದವನು. ಪಟ್ಟಣ ಬಿದ್ದಾಗ ಬಿಡುಗಡೆ ಹೊಂದಿ, ಚದುರಿದ ಸೈನಿಕರನ್ನು ಕೂಡಿಸಿಕೊಂಡು ಬ್ರಿಟಿಷರ ವಿರುದ್ಧ ಬಂಡೆದ್ದ. 1800ರ ಜೂನ್‌ನಲ್ಲಿ ವೆಲ್ಲೆಸ್ಲಿ ಚಿತ್ರದುರ್ಗದ ಮಾರ್ಗವಾಗಿ ಸಾಗಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ರಾಣೇಬೆನ್ನೂರು, ಕುಂದಗೋಳ, ಡಂಬಳ ಕೋಟೆಗಳು ಒಂದೊಂದಾಗಿ ಬಿದ್ದವು. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಬಳಿ ಅಶ್ವದಳದ ಒಂದೇ ದಾಳಿಯಲ್ಲಿ ಧೋಂಡಿಯಾ ಮಡಿದ. ಅವನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಸಲಾಬತ್ ಖಾನ್ ಎಂಬ ಚಿಕ್ಕ ಬಾಲಕನ ಪೋಷಣೆಯನ್ನು ವೆಲ್ಲೆಸ್ಲಿ ವಹಿಸಿಕೊಂಡ. ಭಾರತವನ್ನು ಬಿಡುವಾಗ ಅವನಿಗಾಗಿ ಹಣವನ್ನೂ ಇಟ್ಟುಹೋದ.

ಪೂರ್ಣಯ್ಯನವರಿಗೆ ನೀಡಿದ ಭಾವಚಿತ್ರ

1803ರ ಮರಾಠಾ ಯುದ್ಧದಲ್ಲಿ ಅಸ್ಸಾಯೆ, ಅರ್ಗಾಂವ್ ಮತ್ತು ಗಾವಿಲ್‌ಗಢಗಳಲ್ಲಿ ಈತ ಜಯ ಗಳಿಸಿದ. ಆ ಕಾಳಗಗಳಲ್ಲಿ ಮೈಸೂರಿನ ಕುದುರೆ ಸವಾರರೂ ಈತನ ಜೊತೆಗಿದ್ದರು. ಸೈನ್ಯಕ್ಕೆ ಬೇಕಾದ ಎತ್ತು, ಧಾನ್ಯಗಳ ಪೂರೈಕೆಯಲ್ಲಿ ಪೂರ್ಣಯ್ಯನವರ ನೆರವು ದೊಡ್ಡದಾಗಿತ್ತು. 1805ರ ಮಾರ್ಚ್‌ನಲ್ಲಿ ಸ್ವದೇಶಕ್ಕೆ ಹೊರಟಾಗ ಪೂರ್ಣಯ್ಯನವರಿಗೆ ವಿದಾಯದ ಪತ್ರ ಬರೆದು, ಸ್ನೇಹದ ಕುರುಹಾಗಿ ತನ್ನ ಭಾವಚಿತ್ರವನ್ನು ಸ್ವೀಕರಿಸುವಂತೆ ಕೇಳಿಕೊಂಡ. ಯುರೋಪಿನಲ್ಲಿ ಪ್ರಸಿದ್ಧನಾಗುವ ಮೊದಲೇ ಈತನ ಮುಖಕ್ಕೆ ಮೈಸೂರು ಸೀಮೆಯಲ್ಲಿ ಸ್ಥಾನ ದೊರೆತಿತ್ತು.

ಯುರೋಪಿನಲ್ಲಿ

1808ರಿಂದ 1814ರವರೆಗೆ ಪೋರ್ಚುಗಲ್ ಮತ್ತು ಸ್ಪೇನ್‌ಗಳಲ್ಲಿ ಫ್ರೆಂಚರ ವಿರುದ್ಧ ಹೋರಾಡಿ, 1813ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನೂ 1814ರಲ್ಲಿ ಡ್ಯೂಕ್ ಪದವಿಯನ್ನೂ ಪಡೆದ. 1815ರ ಜೂನ್ 18ರಂದು ಪ್ರಷ್ಯದ ಸೇನಾನಿ ಬ್ಲೂಖರ್‌ನ ನೆರವಿನಿಂದ ವಾಟರ್‌ಲೂವಿನಲ್ಲಿ ಗೆದ್ದ. 1828–30ರಲ್ಲಿ, ಮತ್ತೆ 1834ರಲ್ಲಿ ಅಲ್ಪಕಾಲ, ಬ್ರಿಟನ್ನಿನ ಪ್ರಧಾನಿಯಾಗಿದ್ದ. ಕ್ಯಾಥೊಲಿಕರಿಗೆ ರಾಜಕೀಯ ಹಕ್ಕು ನೀಡಿದ 1829ರ ಕಾಯಿದೆ ಈತನ ಅವಧಿಯದು. 1852ರ ಸೆಪ್ಟೆಂಬರ್ 14ರಂದು ವಾಲ್ಮರ್ ಕೋಟೆಯಲ್ಲಿ ನಿಧನನಾದ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಸಮಾಧಿ ಇದೆ.

ಬಿಲ್ಲೆಗಳ ಮೇಲಿನ ಮುಖ

ವೆಲ್ಲೆಸ್ಲಿಯ ಮುಖದ ಪ್ರಧಾನ ಲಕ್ಷಣ ಎತ್ತರವಾಗಿ ಬಾಗಿದ ಮೂಗು. ಸೈನಿಕರು ಈತನಿಗೆ ಅಡ್ಡಹೆಸರಿಟ್ಟದ್ದೂ ಅದರಿಂದಲೇ. ಪಕ್ಕದಿಂದ ಕಾಣುವ ಮುಖವನ್ನು ಲೋಹದಲ್ಲಿ ಅಚ್ಚೊತ್ತಿದಾಗ ಈ ಮೂಗು ಬೇಗನೆ ಗುರುತಾಗುತ್ತದೆ. ಆದರೆ ಮೂಗೊಂದನ್ನೇ ನಂಬುವಂತಿಲ್ಲ. ಉಡುಪಿನ ಮೇಲಿನ ಗೌರವಚಿಹ್ನೆಗಳು ಹೆಚ್ಚು ಖಚಿತವಾದ ಸಾಕ್ಷಿ. ಈತನಿಗೆ ಬಾತ್ ಪದವಿ ದೊರೆತದ್ದು 1804ರಲ್ಲಿ, ಗಾರ್ಟರ್ ಪದವಿ 1813ರಲ್ಲಿ. ಆದ್ದರಿಂದ ಗಾರ್ಟರ್ ನಕ್ಷತ್ರವಿರುವ ಚಿತ್ರ ಭಾರತದ ದಿನಗಳದಾಗಲಾರದು. ಸ್ಪೇನಿನ ಚಿತ್ರಕಾರ ಗೋಯಾ 1812ರಲ್ಲಿ ಬರೆದ ಭಾವಚಿತ್ರಕ್ಕೆ ಹೊಸ ಪದಕಗಳು ಬಂದಂತೆ ಅವನ್ನು ಸೇರಿಸಿ ತಿದ್ದಲಾಯಿತು. ಗೋಯಾನ ಮತ್ತೊಂದು ಚಿತ್ರದಲ್ಲಿ ವೆಲ್ಲೆಸ್ಲಿ ಕುದುರೆಯ ಮೇಲೆ ಕುಳಿತಿದ್ದಾನೆ. ಕ್ಷ-ಕಿರಣ ಪರೀಕ್ಷೆಯಲ್ಲಿ ಅದರ ಬಣ್ಣದ ಅಡಿಯಲ್ಲಿ ಬೇರೊಬ್ಬ ಸವಾರನ ಚಿತ್ರ ಕಂಡುಬಂದಿದೆ.

1812ರ ಸುಮಾರಿನಿಂದ ಬ್ರಿಟನ್ನಿನಲ್ಲಿ ಚಿಲ್ಲರೆಯಂತೆ ಚಲಾವಣೆಯಲ್ಲಿದ್ದ ತಾಮ್ರದ ಟೋಕನ್ನುಗಳ ಮೇಲೆ ಈತನ ಮುಖವೂ, ಸ್ಪೇನ್ ಪೋರ್ಚುಗಲ್‌ಗಳನ್ನು ಮರಳಿ ದೊರಕಿಸಿದವನೆಂಬ ಅರ್ಥದ ಲ್ಯಾಟಿನ್ ಬರಹವೂ ಇವೆ. ಇಂಥ ಬರಹವಿದ್ದಲ್ಲಿ ಗುರುತಿಸುವುದು ಸುಲಭ. ವಾಟರ್‌ಲೂ ಪದಕದ ವಿಷಯದಲ್ಲಿ ಮಾತ್ರ ತಪ್ಪುವ ಸಂಭವ ಹೆಚ್ಚು. ಅದರ ಹಿಂಬದಿಯಲ್ಲಿ ವೆಲ್ಲಿಂಗ್ಟನ್ ಎಂಬ ಹೆಸರಿದ್ದರೂ ಮುಂಬದಿಯ ಮುಖ ಅಂದಿನ ರಾಜಪ್ರತಿನಿಧಿ, ಮುಂದಿನ ನಾಲ್ಕನೆಯ ಜಾರ್ಜನದು. ಇದಕ್ಕೆ ವಿರುದ್ಧವಾಗಿ, 1847ರ ಮಿಲಿಟರಿ ಜನರಲ್ ಸರ್ವಿಸ್ ಪದಕದಲ್ಲಿ ಹೆಸರಿಲ್ಲದೆಯೇ ಈತನಿದ್ದಾನೆ. ರಾಣಿ ವಿಕ್ಟೋರಿಯಾಳ ಮುಂದೆ ಮಂಡಿಯೂರಿ ಕಿರೀಟಮಾಲೆಯನ್ನು ಸ್ವೀಕರಿಸುತ್ತಿರುವವನು ವೆಲ್ಲಿಂಗ್ಟನ್. ಶ್ರೀರಂಗಪಟ್ಟಣದ ವಿಜಯಕ್ಕಾಗಿ ಕೊಟ್ಟ ಪದಕದಲ್ಲಿ ಯಾವ ಸೇನಾನಿಯ ಮುಖವೂ ಇಲ್ಲ. ಒಂದು ಬದಿಯಲ್ಲಿ ಕೋಟೆಯ ಮುತ್ತಿಗೆ, ಇನ್ನೊಂದು ಬದಿಯಲ್ಲಿ ಹುಲಿಯನ್ನು ಕೆಡವುವ ಸಿಂಹ. 33ನೆಯ ರೆಜಿಮೆಂಟಿಗೆ 1853ರಲ್ಲಿ ಈತನ ಹೆಸರನ್ನಿಟ್ಟರೂ ಅದರ ಟೋಪಿಯ ಬಿಲ್ಲೆಯಲ್ಲಿರುವುದು ಮನೆತನದ ಲಾಂಛನವಾದ ಸಿಂಹವೇ ಹೊರತು ಮುಖವಲ್ಲ.

ಹೆಸರಿನ ಗೊಂದಲ

ಹೆಸರಿನ ಗೊಂದಲ ಕರ್ನಾಟಕದಲ್ಲಿಯೂ ಉಂಟು. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿ 1804ರಲ್ಲಿ ಮುಗಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಆರ್ಥರ್‌ನ ಸ್ಮಾರಕವೆಂದು ಭಾವಿಸುವವರಿದ್ದಾರೆ. ಅದಕ್ಕೆ ಇಟ್ಟಿರುವುದು ಗವರ್ನರ್ ಜನರಲ್ ಆಗಿದ್ದ ಅಣ್ಣ ರಿಚರ್ಡ್‌ನ ಹೆಸರು.