ವಾಲ್ಟ್ ಡಿಸ್ನಿ ಕಟ್ಟದೆ ಹೋದ ನಗರ

ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ, ಒರ್ಲ್ಯಾಂಡೊ ನಗರದ ಸಮೀಪ, ಎಪ್‌ಕಾಟ್ ಎಂಬ ವಿಹಾರೋದ್ಯಾನವಿದೆ. ಮಹಾದ್ವಾರವನ್ನು ದಾಟಿದೊಡನೆ 180 ಅಡಿ ಎತ್ತರದ ಬೆಳ್ಳಿಬಣ್ಣದ ಗೋಳವೊಂದು ಪ್ರೇಕ್ಷಕನಿಗೆ ಎದುರಾಗುತ್ತದೆ. ಅದರ ಹಿಂದೆ, ಸ್ವಲ್ಪ ದೂರದಲ್ಲಿ, ವಿಶಾಲವಾದ ಸರೋವರ. ಸರೋವರದ ದಂಡೆಯ ಉದ್ದಕ್ಕೂ ಹನ್ನೊಂದು ದೇಶಗಳ ಮಂಟಪಗಳು. ಮೆಕ್ಸಿಕೊದ ಪಿರಮಿಡ್ಡಿನ ಬಳಿಯಿಂದ ಹೊರಟವನು ಚೀನ, ಇಟಲಿ, ಜಪಾನ್, ಮೊರಾಕೊ, ಫ್ರಾನ್ಸ್‌ಗಳನ್ನು ಹಾಯ್ದು ಕೆನಡಾ ಸೇರುವುದಕ್ಕೆ ಎರಡು ಕಿಲೊಮೀಟರು ನಡೆದರೆ ಸಾಕು. ನಮ್ಮ ದೇಶದ ಮಂಟಪ ಅಲ್ಲಿಲ್ಲ. ಅದು ಬೇರೆ ಮಾತು. ಇಷ್ಟೆಲ್ಲವನ್ನೂ ನೋಡಿ ಸಂತೋಷಪಟ್ಟು ಮರಳುವವರಲ್ಲಿ ಅನೇಕರು ಅರಿಯದ ಸಂಗತಿಯೊಂದುಂಟು. ಎಪ್‌ಕಾಟ್ ಎಂಬುದು ಮೊದಲಿಗೆ ಉದ್ಯಾನದ ಹೆಸರಾಗಿರಲಿಲ್ಲ, ಒಂದು ಊರಿನ ಹೆಸರಾಗಿತ್ತು. ನಾಳಿನ ಸಮುದಾಯದ ಪ್ರಾಯೋಗಿಕ ಮಾದರಿ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಆ ಹೆಸರನ್ನು ಇಟ್ಟವನು ವಾಲ್ಟ್ ಡಿಸ್ನಿ.

ಡಿಸ್ನಿ ಜನಿಸಿದುದು 1901ರ ಡಿಸೆಂಬರ್ 5ರಂದು, ಷಿಕಾಗೊ ನಗರದಲ್ಲಿ. ತಂದೆ ಇಲಯಾಸ್ ಬಡಗಿ. 1893ರಲ್ಲಿ ಅದೇ ನಗರದಲ್ಲಿ ನಡೆದ ಮಹಾ ಲೋಕಪ್ರದರ್ಶನದ ಕಟ್ಟಡಗಳಿಗೆ ಮರಗೆಲಸ ಮಾಡಿದವನು. ನಾನಾ ದೇಶಗಳ ಮಂಟಪಗಳನ್ನೂ ವಿದ್ಯುದ್ದೀಪಗಳ ವೈಭವವನ್ನೂ ಒಂದೇ ಬಯಲಿನಲ್ಲಿ ತೋರಿದ ಆ ಪ್ರದರ್ಶನದ ಮಾತು ಮಗನ ಕಿವಿಗೆ ಬೀಳದೆ ಇದ್ದೀತೆ? ಇಲಯಾಸನಿಗೆ ಯಾವ ಕಸುಬೂ ಕೈಹತ್ತಲಿಲ್ಲ. 1906ರಲ್ಲಿ ಮಿಸೌರಿಯ ಮಾರ್ಸಲೀನ್ ಎಂಬ ಪುಟ್ಟ ಊರಿನಲ್ಲಿ ಬೇಸಾಯಕ್ಕೆ ಇಳಿದ. ಕೆಲವೇ ವರ್ಷಗಳಲ್ಲಿ ಹೊಲವನ್ನು ಮಾರಿ ಕ್ಯಾನ್ಸಸ್ ಸಿಟಿಗೆ ಸಂಸಾರವನ್ನು ಸಾಗಿಸಿದ. ಅಲ್ಲಿ ವಾಲ್ಟನೂ ಅವನ ಅಣ್ಣ ರಾಯ್‌ಯೂ ಬೆಳಕು ಹರಿಯುವುದಕ್ಕೆ ಮುಂಚೆಯೇ ಎದ್ದು, ಚಳಿಗಾಲದ ಹಿಮದಲ್ಲಿಯೂ ಮನೆಮನೆಗೆ ವೃತ್ತಪತ್ರಿಕೆ ಹಂಚಿದರು. ಮಾರ್ಸಲೀನಿನ ಬೀದಿ ಮಾತ್ರ ಹುಡುಗನ ಮನಸ್ಸಿನಿಂದ ಅಳಿಯಲಿಲ್ಲ.

ಡಿಸ್ನಿಯ ಚಿತ್ರಜೀವನದ ಕಥೆ ವಾಚಕರಿಗೆ ಬಹುಮಟ್ಟಿಗೆ ತಿಳಿದುದೇ. 1923ರಲ್ಲಿ ಮೊದಲನೆಯ ಸಂಸ್ಥೆ ದಿವಾಳಿಯೆದ್ದಿತು. ಅದೇ ವರ್ಷ ಹಾಲಿವುಡ್ಡಿಗೆ ಬಂದು ಅಣ್ಣನೊಡನೆ ಹೊಸ ಸಂಸ್ಥೆಯನ್ನು ತೆರೆದ. ಆಸ್ವಾಲ್ಡ್ ಎಂಬ ಮೊಲದ ಚಿತ್ರಗಳು ಜನಪ್ರಿಯವಾದವು. ಆದರೆ 1928ರಲ್ಲಿ, ಹೆಚ್ಚಿನ ಹಣ ಕೇಳಲು ನ್ಯೂಯಾರ್ಕಿಗೆ ಹೋದಾಗ, ಮೊಲದ ಹಕ್ಕು ತನ್ನದಲ್ಲವೆಂಬುದೂ, ತನ್ನ ಚಿತ್ರಕಾರರಲ್ಲಿ ಹೆಚ್ಚಿನವರು ಆಗಲೇ ವಿತರಕನ ಕಡೆಗೆ ಸೇರಿದ್ದರೆಂಬುದೂ ಅವನಿಗೆ ತಿಳಿಯಿತು. ಆ ವರ್ಷದ ನವೆಂಬರಿನಲ್ಲಿ ಮಿಕ್ಕಿ ಇಲಿ ತೆರೆಯ ಮೇಲೆ ಬಂದು ಅವನ ಭಾಗ್ಯದ ಬಾಗಿಲನ್ನು ತೆರೆಯಿತು, ನಿಜ. ಆದರೆ ಮೊಲ ಕೈತಪ್ಪಿದ ಗಾಯ ಮಾಯಲಿಲ್ಲ. ತಾನು ಕಟ್ಟಿದ್ದೆಲ್ಲ ತನ್ನ ಹಿಡಿತದಲ್ಲಿಯೇ ಇರಬೇಕೆಂಬ ಹಠ ಅಂದಿನಿಂದ ಬೇರೂರಿತು. 1941ರಲ್ಲಿ ಅವನ ಚಿತ್ರಶಾಲೆಯ ಕಲಾವಿದರು ಸಂಘದ ಹಕ್ಕಿಗಾಗಿ ಮುಷ್ಕರ ಹೂಡಿದಾಗ ಅದನ್ನು ಕೂಲಿಯ ಪ್ರಶ್ನೆಯೆಂದು ಅವನು ನೋಡಲಿಲ್ಲ, ಮನೆಯವರೇ ಬಗೆದ ದ್ರೋಹವೆಂದು ಕಂಡ. ಆರು ವರ್ಷಗಳ ತರುವಾಯ ಸಂಸತ್ತಿನ ಸಮಿತಿಯೊಂದರ ಮುಂದೆ ನಿಂತು ಮುಷ್ಕರದ ಮುಂದಾಳುಗಳ ಮೇಲೆ ಕಮ್ಯೂನಿಸ್ಟರೆಂಬ ಆರೋಪವನ್ನೂ ಹೊರಿಸಿದ. ಅವನ ಚರಿತ್ರೆಯಲ್ಲಿ ಇದು ಮೆಚ್ಚತಕ್ಕ ಅಧ್ಯಾಯವಲ್ಲ.

1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಒಳಗೆ ಕಸವಿಲ್ಲದ ಬೀದಿ, ಹೊತ್ತಿಗೆ ಸರಿಯಾಗಿ ಹೊರಡುವ ರೈಲು. ಹೊರಗೆ ಮಾತ್ರ ಅಡ್ಡಾದಿಡ್ಡಿಯಾಗಿ ಎದ್ದ ವಸತಿಗೃಹಗಳು, ಕಣ್ಣು ಕುಕ್ಕುವ ಜಾಹೀರಾತು ಫಲಕಗಳು. ಉದ್ಯಾನದ 160 ಎಕರೆಯಾಚೆ ಡಿಸ್ನಿಯ ಮಾತು ನಡೆಯುವಂತಿರಲಿಲ್ಲ. ಆದುದರಿಂದ ಫ್ಲಾರಿಡಾದಲ್ಲಿ ಬೇರೆ ಬೇರೆ ಕಂಪೆನಿಗಳ ಹೆಸರಿನಲ್ಲಿ, ಕೊಳ್ಳುವವರು ಯಾರೆಂಬ ಗುಟ್ಟು ಬಿಡದೆ, ಸುಮಾರು 27,000 ಎಕರೆ ಜೌಗುನೆಲವನ್ನೂ ಕಾಡನ್ನೂ ಖರೀದಿಸಿದ. ಈ ವಿಷಯವನ್ನು ಅವನೇ ಬಹಿರಂಗಪಡಿಸಿದುದು 1965ರ ನವೆಂಬರಿನಲ್ಲಿ.

ಮತ್ತೊಂದು ವಿನೋದಸ್ಥಾನಕ್ಕಾಗಿ ಇಷ್ಟು ನೆಲವೇ ಎಂದು ಜನ ಬೆರಗಾದರು. ಅವನ ಮನಸ್ಸಿದ್ದುದು ಊರಿನ ಮೇಲೆ. ಆ ದಿನಗಳಲ್ಲಿ ನಗರರಚನೆಯ ಗ್ರಂಥಗಳನ್ನು ಅವನು ಶ್ರದ್ಧೆಯಿಂದ ಓದುತ್ತಿದ್ದ. ಬಂಡಿಯ ಚಕ್ರದಂತಹ ನಗರ. ನಡುವೆ 50 ಎಕರೆಯ ಕೇಂದ್ರಕ್ಕೆ ಒಂದೇ ಸೂರು, ಅದರಡಿ ಮಳೆಬಿಸಿಲುಗಳ ಕಾಟವಿಲ್ಲ. ಸುತ್ತ ವಾಸದ ಮಹಡಿಗಳು, ಅವುಗಳಾಚೆ ಹಸುರು ಪಟ್ಟಿ, ಅದರ ಅಂಚಿಗೆ ತೋಟದ ಮನೆಗಳು. ಮೋಟಾರುಗಳೂ ಲಾರಿಗಳೂ ನೆಲದಡಿಯ ಹಾದಿಗಳಲ್ಲಿ. ನೆಲದ ಮೇಲೆ ಕಾಲ್ನಡಿಗೆಯವರು. ಒಂಟಿ ಹಳಿಯ ರೈಲು, ನಿಲ್ಲದೆ ಸಾಗುವ ಪುಟ್ಟ ಬಂಡಿಗಳು. ಇಪ್ಪತ್ತು ಸಾವಿರ ಜನ ಅಲ್ಲಿ ಬಾಳಬೇಕು; ಉದ್ಯಮಗಳ ಹೊಸ ಹೊಸ ಶೋಧಗಳು ಮೊದಲು ಅವರ ಅಡಿಗೆಮನೆಗಳಲ್ಲಿ ಪರೀಕ್ಷೆಗೊಳ್ಳಬೇಕು.

ಈ ಚಿತ್ರಕ್ಕೆ ಮರುಳಾಗದವರು ವಿರಳ. ಆದರೆ ಅದರ ಕಟ್ಟಳೆಗಳನ್ನು ಓದಿದವರು ತಡೆದು ನಿಲ್ಲುತ್ತಾರೆ. ಆ ಊರಿನಲ್ಲಿ ಯಾರೂ ಭೂಮಿಗೆ ಒಡೆಯರಲ್ಲ, ಎಲ್ಲರೂ ಬಾಡಿಗೆದಾರರು. ಎಲ್ಲರೂ ದುಡಿಯಬೇಕು, ನಿವೃತ್ತರಿಗೆ ಎಡೆಯಿಲ್ಲ. ಒಡೆತನವಿಲ್ಲದ ಮೇಲೆ ಊರಿನ ಆಡಳಿತದಲ್ಲಿ ಮತವೂ ಇಲ್ಲ. ಬರೆದ ಗೆರೆಯಂತೆ ನಡೆಯುವ ಇಲಿಮೊಲಗಳ ಲೋಕದಿಂದ ಬಂದವನು ಮನುಷ್ಯರನ್ನೂ ಹಾಗೆಯೇ ನಿಲ್ಲಿಸಲು ಹೊರಟಿದ್ದನೆನ್ನಬೇಕು. ಮಾಡು ಸೋರಿದರೆ, ಬಾಡಿಗೆ ಏರಿದರೆ, ಇಪ್ಪತ್ತು ಸಾವಿರ ಜನ ಯಾರನ್ನು ಕೇಳಬೇಕಾಗಿತ್ತು? ಮುಷ್ಕರದ ಕಹಿಯನ್ನು ಉಂಡವನಿಗೆ ಈ ಪ್ರಶ್ನೆ ಹೊಳೆಯದೆ ಇರಲಾರದು. ಅದು ಏಳದಂತೆ ಮಾಡುವುದೇ ಆ ಕಟ್ಟಳೆಗಳ ಉದ್ದೇಶವೆಂದು ನನಗೆ ತೋರುತ್ತದೆ. ಆದರೂ ಜನ ನೆಮ್ಮದಿಯಿಂದ ಬದುಕಬಲ್ಲ ನಗರವೊಂದನ್ನು ಕಟ್ಟಿ ತೋರಿಸಬೇಕೆಂಬ ಅವನ ಹಂಬಲ ಹುಸಿಯಾಗಿರಲಿಲ್ಲ. ಹಣವೊಂದೇ ಗುರಿಯಾಗಿದ್ದರೆ ಇನ್ನೊಂದು ಡಿಸ್ನಿಲ್ಯಾಂಡ್ ಸಾಕಾಗಿತ್ತು.

1966ರ ಅಕ್ಟೋಬರ್ 27ರಂದು ಡಿಸ್ನಿ ಕ್ಯಾಮರಾದ ಮುಂದೆ ನಿಂತು, ಗೋಡೆಯಗಲದ ನಕ್ಷೆಯನ್ನು ತೋರಿಸುತ್ತ ಈ ನಗರವನ್ನು ವಿವರಿಸಿದ. ರೋಗ ಇನ್ನೂ ಪತ್ತೆಯಾಗಿರಲಿಲ್ಲ. ಮರುತಿಂಗಳು ಶ್ವಾಸಕೋಶದ ಕ್ಯಾನ್ಸರೆಂದು ತಿಳಿಯಿತು. ಬಹುಕಾಲದ ಧೂಮಪಾನಿ ಅವನು. ಚಿತ್ರಶಾಲೆಯ ಎದುರಿಗೇ ಇದ್ದ ಆಸ್ಪತ್ರೆಯಲ್ಲಿ ಮಲಗಿ, ತಾರಸಿಯ ಚೌಕಗಳನ್ನೇ ನಕ್ಷೆಯ ಮನೆಗಳೆಂದು ಎಣಿಸಿ, ಯಾವುದು ಎಲ್ಲಿ ಬರಬೇಕೆಂದು ಅಣ್ಣನಿಗೆ ಬೆರಳಿಟ್ಟು ತೋರಿಸಿದನಂತೆ. ಡಿಸೆಂಬರ್ 15ರಂದು ತೀರಿಕೊಂಡ. ವಯಸ್ಸು ಅರುವತ್ತೈದು.

ನಿವೃತ್ತಿಯ ಯೋಚನೆಯನ್ನು ಬದಿಗಿಟ್ಟು ರಾಯ್ ಫ್ಲಾರಿಡಾದ ಕೆಲಸವನ್ನು ಹೊತ್ತ. 1971ರ ಅಕ್ಟೋಬರಿನಲ್ಲಿ ಅಲ್ಲಿನ ಮೊದಲನೆಯ ಉದ್ಯಾನ ತೆರೆಯಿತು. ಡಿಸೆಂಬರಿನಲ್ಲಿ ಅವನೂ ಕಣ್ಮುಚ್ಚಿದ. ನಗರವನ್ನು ಕಟ್ಟುವ, ಆಳುವ ಹೊಣೆಗೆ ಸಂಸ್ಥೆಯವರು ಹೆದರಿದರು. ತಮ್ಮ ಕೈಲಾದ ಲೋಕಪ್ರದರ್ಶನವನ್ನು ಕಟ್ಟಿದರು. 1982ರ ಅಕ್ಟೋಬರ್ 1ರಂದು ಎಪ್‌ಕಾಟ್ ತೆರೆದಾಗ ಅರ್ಧಭಾಗ ನಾಳಿನ ಯಂತ್ರಕೌಶಲಕ್ಕೆ, ಅರ್ಧಭಾಗ ಒಂಬತ್ತು ದೇಶಗಳಿಗೆ ಮೀಸಲಾಗಿತ್ತು. ಮೊರಾಕೊ, ನಾರ್ವೆಗಳು ತರುವಾಯ ಬಂದವು. ಅನೇಕ ಮಂಟಪಗಳಲ್ಲಿ ಆಯಾ ದೇಶದ ತರುಣ ತರುಣಿಯರೇ ದುಡಿಯುತ್ತಾರೆ. ಅವಧಿ ಮುಗಿದೊಡನೆ ತಾಯ್ನಾಡಿಗೆ ಮರಳುತ್ತಾರೆ. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಯಾರ ಸಂಸಾರವೂ ಇಲ್ಲ.

ನಗರದ ದೊಡ್ಡ ಮಾದರಿಯೊಂದನ್ನು 1967ರಿಂದ 1973ರವರೆಗೆ ಕ್ಯಾಲಿಫೋರ್ನಿಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅದರ ಒಂದು ತುಂಡು ಈಗ ಫ್ಲಾರಿಡಾದ ಆ ಮೊದಲನೆಯ ಉದ್ಯಾನದಲ್ಲಿದೆ. ನಗರಕ್ಕೆಂದು ಯೋಚಿಸಿದ್ದ ನಿಲ್ಲದ ಪುಟ್ಟ ಬಂಡಿಗಳೇ ಪ್ರವಾಸಿಗಳನ್ನು ಅದರ ಪಕ್ಕದಲ್ಲಿ ಕರೆದೊಯ್ಯುತ್ತವೆ. ಗಾಜಿನಾಚೆ, ಕತ್ತಲಲ್ಲಿ, ಕೆಲವು ಕ್ಷಣಗಳ ಕಾಲ ಆ ಊರಿನ ದೀಪಗಳು ಕಾಣುತ್ತವೆ.