ಸಸ್ಯಶಾಸ್ತ್ರಜ್ಞ ಎರಿಕ್ ಹೋಲ್ಟಮ್

ರಾಜ್ಯಗಳನ್ನು ಗೆದ್ದವರ ಚರಿತ್ರೆಯನ್ನು ಬರೆದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಕಾಡಿನ ಒಂದು ಎಲೆಯನ್ನು ಬುಡದಿಂದ ತುದಿಯವರೆಗೆ ಸರಿಯಾಗಿ ನೋಡಿ, ಅದಕ್ಕೆ ಸಲ್ಲತಕ್ಕ ಹೆಸರನ್ನು ಸಲ್ಲಿಸುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರ ಚರಿತ್ರೆಯನ್ನು ಬರೆಯುವವರು ವಿರಳ. ಅಂಥವರ ಬಾಳಿನಲ್ಲಿ ಕಣ್ಣು ಕೋರೈಸುವ ಘಟನೆಗಳು ಕಡಮೆ. ಆದರೆ ಸತ್ಯವನ್ನು ಕಾಣಬೇಕೆಂಬ ಹಂಬಲವು ಮನುಷ್ಯನನ್ನು ಎಂತಹ ತಾಳ್ಮೆಗೆ ಏರಿಸಬಲ್ಲದೆಂಬುದನ್ನು ತಿಳಿಯಬೇಕಾದರೆ ಅಂಥ ಬಾಳುಗಳ ಕಡೆಗೇ ನೋಡಬೇಕು. ಆಗ್ನೇಯ ಏಷ್ಯದ ದ್ವೀಪಗಳ ಮಳೆಕಾಡುಗಳಲ್ಲಿ ಬೆಳೆಯುವ ಮರಜರೀಗಿಡಗಳನ್ನು ಗುರುತಿಸಿ ವಿಂಗಡಿಸಿದ ರಿಚರ್ಡ್ ಎರಿಕ್ ಹೋಲ್ಟಮ್ ಅವರದು ಅಂಥದೊಂದು ಬಾಳು.

ಹೋಲ್ಟಮ್ ಅವರು ೧೮೯೫ನೆಯ ಇಸವಿಯ ಜುಲೈ ೨೦ರಂದು ಇಂಗ್ಲೆಂಡಿನ ಕೇಂಬ್ರಿಜ್ ಪ್ರಾಂತದ ಲಿಂಟನ್ ಎಂಬ ಊರಿನಲ್ಲಿ ಜನಿಸಿದರು. ಅವರ ಮನೆತನ ಕ್ವೇಕರ್ ಪಂಥಕ್ಕೆ ಸೇರಿದುದು. ಆಡಂಬರವಿಲ್ಲದ ಬದುಕು, ಮೌನಪ್ರಾರ್ಥನೆ, ಯಾವ ಕಾರಣಕ್ಕೂ ಆಯುಧವನ್ನು ಹಿಡಿಯೆವೆಂಬ ದೃಢನಿಶ್ಚಯ, ಇವು ಆ ಪಂಥದ ಲಕ್ಷಣಗಳು. ಯಾರ್ಕ್ ನಗರದಲ್ಲಿ ಕ್ವೇಕರರೇ ನಡೆಸುತ್ತಿದ್ದ ಬೂತಮ್ ಶಾಲೆಯಲ್ಲಿ ಬಾಲಕ ಎರಿಕ್ ಓದಿದರು. ಅನಂತರ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಬಂದೂಕು ಹಿಡಿಯಲು ಅವರ ಮನಸ್ಸು ಒಪ್ಪಲಿಲ್ಲ. ಆದರೆ ಯುದ್ಧಕ್ಕೆ ಬೆನ್ನು ತಿರುಗಿಸಿ ಮನೆಯಲ್ಲಿ ಕುಳಿತುಕೊಳ್ಳಲೂ ಒಪ್ಪಲಿಲ್ಲ. ಕ್ವೇಕರರು ಸ್ಥಾಪಿಸಿದ್ದ ಆಂಬುಲೆನ್ಸ್ ದಳವನ್ನು ಸೇರಿ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳ ಸೇವೆ ಮಾಡಿದರು. ಅದನ್ನು ಮೆಚ್ಚಿ ಫ್ರೆಂಚ್ ಸರಕಾರ ಅವರಿಗೆ ಕ್ರ್ವಾ ದ ಗೇರ್ ಎಂಬ ಶೌರ್ಯಪದಕವನ್ನು ನೀಡಿತು. ಒಂದು ಗುಂಡನ್ನೂ ಹಾರಿಸದೆ ಪಡೆದ ಶೌರ್ಯಪದಕವದು.

ಯುದ್ಧ ಮುಗಿದ ಮೇಲೆ ಹೋಲ್ಟಮ್ ತಮ್ಮ ವ್ಯಾಸಂಗವನ್ನು ಪೂರ್ಣಗೊಳಿಸಿದರು. ೧೯೨೧ರಲ್ಲಿ ಆಚಾರ್ಯ ಸೀವರ್ಡ್ ಅವರೊಡನೆ ಸಸ್ಯಾನ್ವೇಷಣೆಗಾಗಿ ಹಿಮಾವೃತವಾದ ಗ್ರೀನ್‌ಲೆಂಡಿಗೆ ಹೋಗಿಬಂದರು. ಮರುವರ್ಷವೇ ಅವರ ದಾರಿ ಸಮಭಾಜಕದ ಕಡೆಗೆ ತಿರುಗಿತು. ಸಿಂಗಪುರದ ಸಸ್ಯೋದ್ಯಾನಕ್ಕೆ ಅವರು ೧೯೨೨ರಲ್ಲಿ ಉಪನಿರ್ದೇಶಕರಾಗಿ ನೇಮಕಗೊಂಡರು. ೧೮೫೯ರಲ್ಲಿ ಸ್ಥಾಪಿತವಾಗಿದ್ದ ಆ ಉದ್ಯಾನಕ್ಕೆ ಆಗ ಬರ್ಕಿಲ್ ಅವರು ನಿರ್ದೇಶಕರು. ೧೯೨೫ರಲ್ಲಿ ಬರ್ಕಿಲ್ ನಿವೃತ್ತರಾದಾಗ ಹೋಲ್ಟಮ್ ಆ ಸ್ಥಾನಕ್ಕೆ ಬಂದು ೧೯೪೯ರವರೆಗೆ ಅಲ್ಲಿದ್ದರು.

ಉದ್ಯಾನದ ಸಸ್ಯಸಂಗ್ರಹದಲ್ಲಿ ಒಣಗಿಸಿ ಕಾಗದಕ್ಕೆ ಅಂಟಿಸಿದ್ದ ಜರೀಗಿಡಗಳ ಮಾದರಿಗಳು ರಾಶಿರಾಶಿಯಾಗಿದ್ದವು. ಅವುಗಳ ಹೆಸರುಗಳು ಮಾತ್ರ ಗೊಂದಲದಲ್ಲಿದ್ದವು. ಆಧಾರಕ್ಕೆಂದು ಇದ್ದುದು ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಅವರು ಬ್ರಿಟಿಷ್ ಇಂಡಿಯಾ, ಸಿಂಹಳ ಮತ್ತು ಮಲಯ ಪರ್ಯಾಯದ್ವೀಪಗಳ ಜರೀಗಿಡಗಳನ್ನು ಕುರಿತು ೧೮೮೩ರಲ್ಲಿ ಪ್ರಕಟಿಸಿದ ಕೈಪಿಡಿ. ಅದು ತನ್ನ ಕಾಲಕ್ಕೆ ಶ್ರೇಷ್ಠ ಗ್ರಂಥವೇ ಆಗಿದ್ದರೂ ಮಲಯದ ಸಸ್ಯಸಮೃದ್ಧಿಗೆ ಸಾಲದಾಗಿತ್ತು. ಈ ಗೊಂದಲವನ್ನು ಬಿಡಿಸುವ ಹೊಣೆಯನ್ನು ತರುಣ ಹೋಲ್ಟಮ್ ಹೊತ್ತುಕೊಂಡರು. ಮುಂದೆ ಅದು ಅರುವತ್ತಕ್ಕೂ ಹೆಚ್ಚು ವರ್ಷಗಳ ವ್ರತವಾಯಿತು.

ಜರೀಗಿಡವೆಂದರೆ ಹೂವಿಲ್ಲದ, ಬೀಜವಿಲ್ಲದ ಗಿಡ. ಎಲೆಯ ಅಡಿಭಾಗದಲ್ಲಿ ಧೂಳಿನಂಥ ಬೀಜಾಣುಗಳನ್ನು ತಳೆದು ಅವುಗಳಿಂದ ವಂಶವನ್ನು ಬೆಳೆಸುತ್ತದೆ. ಸಾಮಾನ್ಯವಾಗಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಈ ಗಿಡಗಳಲ್ಲಿ ಒಂದು ಪಂಗಡವು ಮರದಂತೆ ನೆಟ್ಟಗೆ ಎದ್ದುನಿಲ್ಲುತ್ತದೆ. ಅವೇ ಮರಜರೀಗಿಡಗಳು. ಅವುಗಳಲ್ಲಿ ಕೆಲವು ಹತ್ತು ಮೀಟರುಗಳಿಗೂ ಮಿಕ್ಕಿ ಬೆಳೆದು, ತುದಿಯಲ್ಲಿ ಛತ್ರಿಯಂತೆ ಎಲೆಗಳನ್ನು ಹರಡುತ್ತವೆ. ಸುಮಾತ್ರಾ, ಜಾವಾ, ಬೋರ್ನಿಯೋ, ಫಿಲಿಪೀನ್ಸ್, ನ್ಯೂಗಿನಿ ಮೊದಲಾದ ದ್ವೀಪಗಳ ತೇವಭರಿತ ಬೆಟ್ಟಗಳು ಇವುಗಳ ತವರು. ಒಂದು ಬೆಟ್ಟದಲ್ಲಿ ಕಾಣುವ ಪ್ರಭೇದ ಎಷ್ಟೋ ವೇಳೆ ಪಕ್ಕದ ದ್ವೀಪದಲ್ಲಿ ಇರುವುದಿಲ್ಲ. ಅಲ್ಲಿರುವುದು ಅದನ್ನೇ ಹೋಲುವ ಬೇರೊಂದು.

ಇವುಗಳನ್ನು ಗುರುತಿಸುವ ಕಷ್ಟಕ್ಕೆ ಮೊದಲ ಕಾರಣ ಅವುಗಳ ಗಾತ್ರವೇ. ಒಂದೊಂದು ಎಲೆಯೂ ಎರಡು ಮೂರು ಮೀಟರು ಉದ್ದ. ಸಸ್ಯಸಂಗ್ರಹದ ಕಾಗದವಾದರೋ ಮೊಳದುದ್ದ. ಮಳೆಯಲ್ಲಿ ನೆನೆದು, ಜಿಗಣೆಗಳ ಕಾಟವನ್ನು ಸಹಿಸಿ ಬೆಟ್ಟವನ್ನೇರಿದ ಸಂಗ್ರಾಹಕನು ಎಲೆಯ ತುದಿಯ ಒಂದು ಅಂದವಾದ ತುಣುಕನ್ನು ಕತ್ತರಿಸಿ ತಂದು ತೃಪ್ತನಾಗುತ್ತಿದ್ದನು. ಮುಳ್ಳುಗಳಿಂದಲೂ ಹೊಟ್ಟಿನಂಥ ಶಲ್ಕಗಳಿಂದಲೂ ತುಂಬಿದ ಎಲೆತೊಟ್ಟಿನ ಬುಡ ಕಾಡಿನಲ್ಲಿಯೇ ಉಳಿಯುತ್ತಿತ್ತು. ಹೀಗೆ ಬಂದ ತುಣುಕುಗಳನ್ನು ನೋಡಿ ಯೂರೋಪಿನ ಪಂಡಿತರು ಹೊಸ ಹೊಸ ಹೆಸರುಗಳನ್ನು ಕೊಡುತ್ತ ಹೋದರು. ಒಂದೇ ಗಿಡಕ್ಕೆ ಹಲವು ಹೆಸರುಗಳೂ, ಹಲವು ಗಿಡಗಳಿಗೆ ಒಂದೇ ಹೆಸರೂ ಬಂದವು.

ಎರಡನೆಯ ಕಾರಣ ವಿಂಗಡಣೆಯ ಕ್ರಮದಲ್ಲಿಯೇ ಇತ್ತು. ಎಲೆಯ ಅಡಿಯಲ್ಲಿರುವ ಬೀಜಾಣುಗಳ ಗುಚ್ಛಕ್ಕೆ ಬಟ್ಟಲಿನಂಥ ಹೊದಿಕೆಯಿದ್ದರೆ ಸಯಾಥಿಯಾ, ಅರೆಹೊದಿಕೆಯಿದ್ದರೆ ಹೆಮಿಟೀಲಿಯಾ, ಹೊದಿಕೆಯೇ ಇಲ್ಲದಿದ್ದರೆ ಆಲ್ಸೋಫಿಲಾ, ಹೀಗೆ ಮೂರು ಜಾತಿಗಳನ್ನಾಗಿ ಎಣಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಿಂದ ಬೇರೂರಿತ್ತು. ನೋಡಲು ಸುಲಭವಾದ ಲಕ್ಷಣವಿದು. ಆದರೆ ಸುಲಭವಾದುದೆಲ್ಲ ಸತ್ಯವಾಗಬೇಕಾಗಿಲ್ಲ. ಕೆಲವು ಗಿಡಗಳಲ್ಲಿ ಹೊದಿಕೆ ಎಷ್ಟು ಕಿರಿದೆಂದರೆ ಗುಚ್ಛವು ಬಲಿತಾಗ ಅದು ಮರೆಯಾಗಿಬಿಡುತ್ತದೆ. ಉಳಿದೆಲ್ಲ ವಿಷಯಗಳಲ್ಲಿ ಒಡಹುಟ್ಟಿದಂತಿರುವ ಎರಡು ಗಿಡಗಳಲ್ಲಿ ಒಂದಕ್ಕೆ ಹೊದಿಕೆಯಿರುವುದೂ ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು. ಫಿಲಿಪೀನ್ಸಿನಲ್ಲಿ ದುಡಿದ ಅಮೆರಿಕದ ವಿದ್ವಾಂಸ ಕೋಪ್‌ಲೆಂಡ್ ಅವರು ಇದನ್ನು ಮನಗಂಡು ಮೂರನ್ನೂ ಸಯಾಥಿಯಾ ಎಂಬ ಒಂದೇ ಜಾತಿಗೆ ಸೇರಿಸಿದ್ದರು. ಹಳೆಯ ಗೋಡೆ ಬಿದ್ದಿತು. ಆದರೆ ನೂರಾರು ಪ್ರಭೇದಗಳ ಆ ಮಹಾರಾಶಿಯ ಒಳಗಿನ ನಿಜವಾದ ನಂಟು ಯಾವುದೆಂಬ ಪ್ರಶ್ನೆ ಉಳಿದೇ ಇತ್ತು.

ಹೋಲ್ಟಮ್ ಈ ಪ್ರಶ್ನೆಯನ್ನು ಗ್ರಂಥಾಲಯದಲ್ಲಿ ಕುಳಿತು ಎದುರಿಸಲಿಲ್ಲ. ಗಿಡವನ್ನು ಅದು ಬೆಳೆಯುವ ನೆಲದಲ್ಲಿಯೇ ನೋಡಬೇಕೆಂಬುದು ಅವರ ನಿಯಮವಾಗಿತ್ತು. ಮಲಯದ ಬೆಟ್ಟಗಳನ್ನು ಸುತ್ತಿದರು. ೧೯೩೧ರಲ್ಲಿ ಬೋರ್ನಿಯೋ ದ್ವೀಪದ ಕಿನಬಾಲು ಪರ್ವತಕ್ಕೆ ಹೋದರು. ನಾಲ್ಕು ಸಾವಿರ ಮೀಟರುಗಳಿಗೂ ಎತ್ತರವಾದ ಆ ಪರ್ವತ ಜರೀಗಿಡಗಳ ಭಂಡಾರ. ಅಲ್ಲಿಯ ಸಂಗ್ರಹಗಳನ್ನು ಆಧರಿಸಿ, ಆ ಕಾಲದಲ್ಲಿ ಜರೀಶಾಸ್ತ್ರದ ಹಿರಿಯರೆನಿಸಿದ್ದ ಕೋಪನ್‌ಹೇಗನ್ನಿನ ಕಾರ್ಲ್ ಕ್ರಿಸ್ಟೆನ್ಸೆನ್ ಅವರೊಡನೆ ಸೇರಿ ೧೯೩೪ರಲ್ಲಿ ಕಿನಬಾಲುವಿನ ಜರೀಗಿಡಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಇದೇ ಕಾಲದಲ್ಲಿ ಆರ್ಕಿಡ್ ಬೀಜಗಳನ್ನು ಗಾಜಿನ ಕುಪ್ಪಿಗಳಲ್ಲಿ ಮೊಳೆಯಿಸುವ ವಿಧಾನವನ್ನು ಸಿಂಗಪುರದಲ್ಲಿ ಬಳಕೆಗೆ ತಂದು, ಅಲ್ಲಿಯ ಪುಷ್ಪೋದ್ಯಮಕ್ಕೆ ಅಡಿಪಾಯ ಹಾಕಿದವರೂ ಇವರೇ.

೧೯೪೨ರ ಫೆಬ್ರವರಿ ೧೫ರಂದು ಸಿಂಗಪುರ ಜಪಾನೀಯರ ವಶವಾಯಿತು. ಅಲ್ಲಿದ್ದ ಬ್ರಿಟಿಷರನ್ನು ಚಾಂಗಿಯ ಸೆರೆಮನೆಗೆ ಅಟ್ಟಲಾಯಿತು. ಆದರೆ ಉದ್ಯಾನವನ್ನೂ ಗ್ರಂಥಾಲಯವನ್ನೂ ಸಸ್ಯಸಂಗ್ರಹವನ್ನೂ ಲೂಟಿಯಿಂದ ಉಳಿಸಬೇಕೆಂಬ ಕಾಳಜಿಯುಳ್ಳ ಕೆಲವು ವಿದ್ವಾಂಸರು ಜಪಾನೀಯರಲ್ಲಿಯೂ ಇದ್ದರು. ಆಚಾರ್ಯ ತನಾಕಾದಾತೆ ಅಂಥವರಲ್ಲೊಬ್ಬರು. ಹೋಲ್ಟಮ್ ಅವರಿಗೂ ಅವರ ಸಹೋದ್ಯೋಗಿ ಕಾರ್ನರ್ ಅವರಿಗೂ ಉದ್ಯಾನದಲ್ಲಿಯೇ ಇದ್ದು ಕೆಲಸ ಮಾಡುವ ಅನುಮತಿ ದೊರೆಯಿತು. ಮುಂದೆ ಆಚಾರ್ಯ ಕೊರಿಬಾ ಅವರು ಉದ್ಯಾನದ ನಿರ್ದೇಶಕರಾಗಿ ಬಂದರು. ನಿನ್ನೆಯವರೆಗೆ ತಾವು ಕುಳಿತ ಪೀಠದಲ್ಲಿ ಇನ್ನೊಬ್ಬರು ಕುಳಿತಿದ್ದಾರೆ, ಸ್ವದೇಶೀಯರು ಸೆರೆಯಲ್ಲಿದ್ದಾರೆ, ತಾವು ಮಾತ್ರ ಹೊರಗೆ ಎಲೆಗಳ ಮುಂದೆ ಕುಳಿತಿದ್ದೇವೆ. ಇದು ಹಗುರವಾಗಿ ಹೊರಬಹುದಾದ ಹೊರೆಯಲ್ಲ. ಅಂಥ ಸ್ಥಿತಿಯಲ್ಲಿದ್ದವರನ್ನು ಹೊರಗಿನವರು ಶಂಕೆಯ ಕಣ್ಣಿನಿಂದ ನೋಡುವುದೂ ಸಹಜ. ಪೀಠ ಹೋಯಿತೆಂದು ಹೋಲ್ಟಮ್ ಕೆಲಸವನ್ನು ಬಿಡಲಿಲ್ಲ. ಆಡಳಿತದ ಕಾಗದಪತ್ರಗಳ ಕಾಟ ತಪ್ಪಿದ್ದನ್ನೇ ಬಳಸಿಕೊಂಡು ಜರೀಗಿಡಗಳ ಮತ್ತು ಆರ್ಕಿಡ್‌ಗಳ ಅಧ್ಯಯನವನ್ನು ಮುಂದುವರಿಸಿದರು. ಯುದ್ಧ ಮುಗಿದಾಗ ಸಸ್ಯಸಂಗ್ರಹವು ಉಳಿದಿತ್ತು. ಜರೀಗಿಡಗಳ ಇಡೀ ಕುಲವನ್ನೇ ಮರುವಿಂಗಡಿಸುವ ಅವರ ಪ್ರಬಂಧ ೧೯೪೭ರಲ್ಲಿ ಬೆಳಕು ಕಂಡಿತು.

೧೯೪೯ರಲ್ಲಿ ಮಲಯ ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಹೋಲ್ಟಮ್ ಅಲ್ಲಿಯ ಮೊದಲ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಯೂರೋಪಿನ ಗಿಡಗಳ ಉದಾಹರಣೆಗಳಿಂದ ತುಂಬಿದ ಪಠ್ಯಗಳು ಮಲಯದ ಮಕ್ಕಳಿಗೆ ಪ್ರಯೋಜನವಾಗವೆಂದು ಕಂಡು, ಆ ನಾಡಿನ ಗಿಡಮರಗಳನ್ನೇ ಆಧಾರವಾಗಿಟ್ಟುಕೊಂಡು ಸಸ್ಯಜೀವನವನ್ನು ಕುರಿತ ಸರಳವಾದ ಪುಸ್ತಕವೊಂದನ್ನು ೧೯೫೪ರಲ್ಲಿ ಪ್ರಕಟಿಸಿದರು. ಕಣ್ಣೆದುರಿನ ಗಿಡದಿಂದಲೇ ಪಾಠವನ್ನು ಆರಂಭಿಸಬೇಕೆಂಬ ಈ ತತ್ತ್ವವು ಉಪಾಧ್ಯಾಯರೆಲ್ಲರೂ ಮನನ ಮಾಡತಕ್ಕುದು. ಮಲಯದ ಜರೀಗಿಡಗಳನ್ನು ಕುರಿತ ಅವರ ಬೃಹದ್‌ಗ್ರಂಥವೂ ಅದೇ ಸುಮಾರಿಗೆ ಹೊರಬಂದಿತು. ೧೯೫೪ರಲ್ಲಿ ನಿವೃತ್ತರಾಗಿ ಲಂಡನ್ನಿನ ಸಮೀಪದ ಕ್ಯೂ ಎಂಬಲ್ಲಿ ನೆಲಸಿದರು. ಅಲ್ಲಿಯ ಜಗದ್ವಿಖ್ಯಾತ ಸಸ್ಯೋದ್ಯಾನದ ಸಂಗ್ರಹಾಲಯದಲ್ಲಿ ಮತ್ತೆ ವಿದ್ಯಾರ್ಥಿಯಂತೆ ಕುಳಿತುಕೊಂಡರು.

ಮರಜರೀಗಿಡಗಳ ಪ್ರಶ್ನೆಗೆ ಉತ್ತರ ದೊರೆತುದು ಆಗ. ಸಂಗ್ರಾಹಕರು ಕಾಡಿನಲ್ಲಿ ಬಿಟ್ಟುಬರುತ್ತಿದ್ದ ಎಲೆತೊಟ್ಟಿನ ಬುಡದಲ್ಲಿಯೇ ಆ ಉತ್ತರವಿತ್ತು. ಆ ಬುಡವನ್ನು ಮುಚ್ಚಿರುವ ಶಲ್ಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಬಗೆಗಳು ಸ್ಪಷ್ಟವಾಗುತ್ತವೆ. ಒಂದು ಬಗೆಯಲ್ಲಿ ಶಲ್ಕದ ಕೋಶಗಳೆಲ್ಲ ಒಂದೇ ತೆರನಾಗಿದ್ದು, ಅಂಚಿನಲ್ಲಿ ಗಡುಸಾದ ಸಣ್ಣ ಬಿರುಗೂದಲುಗಳಿರುತ್ತವೆ. ಇನ್ನೊಂದು ಬಗೆಯಲ್ಲಿ ಶಲ್ಕದ ನಡುಭಾಗವೇ ಬೇರೆ, ತೆಳುವಾಗಿ ಬೇಗ ಸವೆದುಹೋಗುವ ಅಂಚೇ ಬೇರೆ. ಹೊದಿಕೆಯಿರಲಿ ಬಿಡಲಿ, ಈ ಭೇದ ಮಾತ್ರ ತಪ್ಪುವುದಿಲ್ಲ. ಭಾರತದ ಸಸ್ಯಶಾಸ್ತ್ರಜ್ಞೆ ಉಷಾ ಸೇನ್ ಅವರೊಡನೆ ಮರಜರೀಗಿಡಗಳ ರಚನೆಯನ್ನೂ ವಿಂಗಡಣೆಯನ್ನೂ ಕುರಿತು ಬರೆದ ಪ್ರಬಂಧವು ೧೯೬೧ರಲ್ಲಿ ಪ್ರಕಟವಾಯಿತು. ೧೯೬೩ರಲ್ಲಿ ‘ಫ್ಲೋರಾ ಮಲೇಶಿಯಾನಾ’ ಎಂಬ ಮಹಾಗ್ರಂಥಮಾಲೆಯಲ್ಲಿ, ಮಲಯದಿಂದ ನ್ಯೂಗಿನಿಯವರೆಗಿನ ದ್ವೀಪಸಮೂಹದ ಮರಜರೀಗಿಡಗಳೆಲ್ಲವನ್ನೂ ಈ ಶಲ್ಕಗಳ ಆಧಾರದ ಮೇಲೆ ವಿಂಗಡಿಸಿ ವರ್ಣಿಸಿದರು. ಮುಂದಿನ ಸಂಗ್ರಾಹಕರು ಎಲೆಯ ತುದಿಯೊಡನೆ ತೊಟ್ಟಿನ ಬುಡವನ್ನೂ ಶಲ್ಕಗಳನ್ನೂ ತಪ್ಪದೆ ತರಬೇಕೆಂದು ಆಗ್ರಹಪಡಿಸಿದರು. ತುಣುಕನ್ನು ನೋಡಿ ಇಡಿಯನ್ನು ಹೆಸರಿಸಬಾರದೆಂಬುದು ಅವರ ಶಾಸ್ತ್ರದ ಸಾರ.

೧೯೬೫ರಲ್ಲಿ ಏಷ್ಯದ ಉಳಿದ ಭಾಗಗಳ ಮರಜರೀಗಿಡಗಳನ್ನು ಪರಿಶೀಲಿಸುವಾಗ ಅವರ ದೃಷ್ಟಿ ನಮ್ಮ ಪಶ್ಚಿಮಘಟ್ಟದ ಕಡೆಗೂ ಹರಿಯಿತು. ಅಲ್ಲಿಯ ಒಂದು ಗಿಡವು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ನೀಲಗಿರಿಯ ನೆನಪಿಗಾಗಿ ಅದಕ್ಕೆ ಸಯಾಥಿಯಾ ನೀಲಗಿರೆನ್ಸಿಸ್ ಎಂದು ಹೆಸರಿಟ್ಟರು. ಕರ್ನಾಟಕದ ಮಲೆನಾಡಿನ ತಂಪು ಹಳ್ಳಗಳ ಬದಿಯಲ್ಲಿಯೂ ಬೆಳೆಯುವ ಗಿಡವಿದು. ಹಳ್ಳ ದಾಟುವವರಿಗೆ ದಿನವೂ ಕಾಣುವ ಗಿಡವೊಂದರ ನಿಜರೂಪವನ್ನು ತಿಳಿಸಿಕೊಟ್ಟವರು ದೂರದ ಕ್ಯೂ ಸಂಗ್ರಹಾಲಯದಲ್ಲಿ ಕುಳಿತ ಎಪ್ಪತ್ತರ ವೃದ್ಧರು.

ಅವರ ವಿಂಗಡಣೆ ಅಂತಿಮವಾಗಲಿಲ್ಲ. ೧೯೭೦ರಲ್ಲಿ ಅಮೆರಿಕದ ಟ್ರಯಾನ್ ಅವರು ಒಂದೇ ಜಾತಿಯನ್ನು ಮತ್ತೆ ಹಲವಾಗಿ ಒಡೆದರು. ನೀಲಗಿರಿಯ ಗಿಡವೂ ಆಗ ಆಲ್ಸೋಫಿಲಾ ಜಾತಿಗೆ ಸೇರಿತು. ಆದರೆ ಆ ಒಡೆಯುವಿಕೆಗೂ ಆಧಾರವಾದುದು ಶಲ್ಕಗಳ ಲಕ್ಷಣವೇ. ಹೋಲ್ಟಮ್ ಗತಿಸಿದ ಮೇಲೆ, ೨೦೦೬–೦೭ರಲ್ಲಿ ಡಿ.ಎನ್.ಎ. ಪರೀಕ್ಷೆಗಳು ನಡೆದಾಗ, ಒಂದೇ ತೆರನಾದ ಕೋಶಗಳ ಶಲ್ಕವುಳ್ಳ ಗಿಡಗಳು ಬೇರೊಂದು ಕವಲೆಂಬುದು ದೃಢಪಟ್ಟಿತು. ಬರಿಯ ಸೂಕ್ಷ್ಮದರ್ಶಕವನ್ನು ನಂಬಿ ಕಂಡ ಭೇದವು ಅಣುವಿನ ಸಾಕ್ಷ್ಯಕ್ಕೂ ನಿಂತಿತು. ಈ ಗುರುತಿಸುವಿಕೆ ಪಂಡಿತರ ವಿನೋದವಷ್ಟೇ ಅಲ್ಲ. ಮರಜರೀಗಿಡಗಳ ಕಾಂಡವನ್ನು ಕಡಿದು ಆರ್ಕಿಡ್ ಬೆಳೆಸಲು ಮಾರುವುದುಂಟು. ಆದುದರಿಂದ ಅಂತರರಾಷ್ಟ್ರೀಯ ಒಪ್ಪಂದವೊಂದು ಅವುಗಳ ವ್ಯಾಪಾರಕ್ಕೆ ನಿಯಂತ್ರಣ ಹಾಕಿದೆ. ಯಾವುದು ಯಾವ ಪ್ರಭೇದವೆಂದು ತಿಳಿಯದೆ ಯಾವುದನ್ನು ಕಾಯಬೇಕೆಂದು ತಿಳಿಯುವುದೆಂತು?

೧೯೬೪ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿ ತನ್ನ ಪದಕವನ್ನಿತ್ತು ಅವರನ್ನು ಗೌರವಿಸಿತು. ವಯಸ್ಸಾದಂತೆ ಕಿವಿ ಕೇಳಿಸದಾಯಿತು; ಆದರೆ ಕಣ್ಣೂ ಕೈಯೂ ಸುಮ್ಮನಾಗಲಿಲ್ಲ. ಎಂಬತ್ತು ದಾಟಿದ ಮೇಲೆ ಜರೀಗಿಡಗಳ ಇನ್ನೊಂದು ದೊಡ್ಡ ಕುಟುಂಬವಾದ ಥೆಲಿಪ್ಟೆರಿಡೇಸಿಯ ವರ್ಣನೆಯನ್ನು ಮುಗಿಸಿದರು. ೧೯೯೦ರ ಸೆಪ್ಟೆಂಬರ್ ೧೮ರಂದು, ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ಕಾಲವಶರಾದಾಗಲೂ ಒಂದು ಗ್ರಂಥ ಅಚ್ಚಿಗಾಗಿ ಕಾದಿತ್ತು. ಅದು ಮರುವರ್ಷ ಪ್ರಕಟವಾಯಿತು.

ಹೋಲ್ಟಮ್ ಅವರು ಸಂಪತ್ತನ್ನು ಕೂಡಿಡಲಿಲ್ಲ, ಪೀಠಕ್ಕಾಗಿ ಹಂಬಲಿಸಲಿಲ್ಲ. ಪೀಠ ಕೈತಪ್ಪಿದಾಗಲೂ ಕೆಲಸ ಕೈತಪ್ಪದಂತೆ ನೋಡಿಕೊಂಡರು. ಇತರರು ಕಾಡಿನಲ್ಲಿ ಬಿಟ್ಟುಬಂದ ಬುಡವನ್ನು ಎತ್ತಿಕೊಂಡು ನೋಡಿದರು. ತಿಳಿವಳಿಕೆಯ ಬೇರು ಎಷ್ಟೋ ವೇಳೆ ನಾವು ಅಂದವಿಲ್ಲವೆಂದು ತೊರೆದ ಭಾಗದಲ್ಲಿಯೇ ಇರುತ್ತದೆ. ಕಲಿಯುವವರೂ ಕಲಿಸುವವರೂ ಅವರ ಬಾಳಿನಿಂದ ನೆನಪಿಡಬೇಕಾದುದು ಇದನ್ನೇ.